ಒಂದು ವಾಟಿನ ನಾದ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ದೀಪಾವಳಿಯ ಆಸುಪಾಸಿಗೆ ಸಕ್ಕರೆ ಕಾರಖಾನೆಗಳ ಚಿಮಣಿಗಳು ಹೊಗೆಯುಗುಳತೊಡಗಿದವೆಂದರೆ, ಅಂದಿನಿಂದ ಬೇಸಗೆಯ ಬಿಸಿಲು ಬಲಿಯುವವರೆಗೂ ಆ ಸೀಮೆಯ ರಸ್ತೆಗಳು ಕಬ್ಬಿನ ಗಾಡಿಗಳ ಸ್ವತ್ತಾಗಿಬಿಡುತ್ತವೆ. 1939ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆ ಮೊದಲ್ಗೊಂಡು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಎಂಬ ಸಹಕಾರಿ ಕಾರಖಾನೆಗಳವರೆಗೆ ಎಲ್ಲಿ ಹೋದರೂ, ಕಾಟಾದ ಮುಂದೆ ತಮ್ಮ ಪಾಳಿಗಾಗಿ ಕಾದು ನಿಂತ ಲಾರಿ, ಟ್ರ್ಯಾಕ್ಟರುಗಳ ಸಾಲು ಕಣ್ಣಿಗೆ ಬೀಳುವುದು; ಆ ಸಾಲು ಕಣ್ಣಿಗೆ ಬೀಳುವುದಕ್ಕೆ ಬಹು ಮುಂಚೆಯೇ ಅದರ ಹಾಡು ಕಿವಿಗೆ ಬಿದ್ದಿರುತ್ತದೆ. ಡೊಳ್ಳಿನ ಪದ, ಭಜನೆಯ ಪದ, ಮರಾಠಿಯ ಲಾವಣಿ, ಹೊಸ ಕಾಲದ ಜಾನಪದವೆಂದು ಹೆಸರಾದ ಕುಣಿತದ ಹಾಡು, ಇವೆಲ್ಲವೂ ಒಂದರ ಮೇಲೊಂದು ಬಿದ್ದು, ಯಾವುದರ ಮಾತೂ ಸ್ಪಷ್ಟವಾಗದೆ, ಎಲ್ಲದರ ಗುದ್ದು ಮಾತ್ರ ಎದೆಗೆ ತಾಗುವಂತೆ ಕೇಳಿಬರುತ್ತವೆ.

ಈ ಗದ್ದಲವನ್ನು ನಿಂದಿಸುವುದು ಸುಲಭ, ನಿಂದಿಸಿದವರೂ ಅನೇಕರಿದ್ದಾರೆ. ಆದರೆ ಆ ಗಾಡಿಯ ಕ್ಯಾಬಿನ್ನಿನಲ್ಲಿ ಕುಳಿತವನ ಜೀವನಕ್ರಮವನ್ನು ತುಸು ಸಮೀಪದಿಂದ ನೋಡಿದವರಿಗೆ, ಸಂಗೀತವು ಅವನಿಗೆ ವಿಲಾಸವಲ್ಲ, ನಿತ್ಯದ ಅವಶ್ಯಕತೆ ಎಂಬುದು ಅರಿವಾಗದೆ ಇರದು. ಹಂಗಾಮಿನ ನಾಲ್ಕೈದು ತಿಂಗಳು ಕ್ಯಾಬಿನ್ನೇ ಅವನ ಮನೆ, ಕ್ಯಾಬಿನ್ನೇ ಅವನ ಹಾಸಿಗೆ. ಹೊಲದಲ್ಲಿ ಗ್ಯಾಂಗಿನವರು ಕಬ್ಬು ಕಡಿದು ಹೇರುವ ತನಕ ಕಾಯಬೇಕು, ಕಾರಖಾನೆಯ ಯಾರ್ಡಿನಲ್ಲಿ ನಂಬರು ಬರುವ ತನಕ ಕಾಯಬೇಕು, ಮತ್ತೆ ನಡುರಾತ್ರಿಯಲ್ಲಿ ಖಾಲಿ ಗಾಡಿಯನ್ನು ಇನ್ನೊಂದು ಊರಿನ ಹೊಲಕ್ಕೆ ಒಯ್ಯಬೇಕು. ನಿಪ್ಪಾಣಿಯ ಕಡೆಯವನಾದರೆ, ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದೂ ಈಗ 48 ಎಂದೂ ಸಂಖ್ಯೆ ಪಡೆದಿರುವ ಪುಣೆ–ಬೆಂಗಳೂರು ಮಾರ್ಗದಲ್ಲಿ, ತಂಬಾಕಿನ ಮೂಟೆಯನ್ನೋ ಸಕ್ಕರೆಯ ಚೀಲವನ್ನೋ ಹೇರಿಕೊಂಡು, ಸ್ತವನಿಧಿಯ ಘಟ್ಟವನ್ನು ಕೆಳಗಿನ ಗೇರಿನಲ್ಲಿ ಇಳಿಯುತ್ತ ಏರುತ್ತ ದಿನ ಕಳೆಯಬೇಕು. ಇಂತಹವನು ತನ್ನ ದುಡಿಮೆಯ ಹಣದಲ್ಲಿ ಐದಾರು ಸಾವಿರ ರೂಪಾಯಿ ತೆಗೆದಿಟ್ಟು ಒಂದು ಒಳ್ಳೆಯ ಸ್ಪೀಕರಿನ ಜೋಡಿಯನ್ನು ಕೊಳ್ಳಬಯಸಿದರೆ ಅದು ಸರ್ವಥಾ ಯೋಗ್ಯವಾದ ಬಯಕೆಯೆಂದೇ ನಾನು ಭಾವಿಸುತ್ತೇನೆ. ನನ್ನ ಆಕ್ಷೇಪವಿರುವುದು ಆ ಹಣವು ವ್ಯಯವಾಗುವ ರೀತಿಯ ಮೇಲೆ.

ಏತಕ್ಕೆಂದರೆ, ಈ ಸೀಮೆಯ ಪೇಟೆಗಳಲ್ಲಿ ಸ್ಪೀಕರು ಮಾರಾಟವಾಗುವುದು ಡಬ್ಬಿಯ ಮೇಲೆ ಅಚ್ಚಾದ ವಾಟಿನ ಸಂಖ್ಯೆಯಿಂದ. ನಿಪ್ಪಾಣಿಯ ಹೆದ್ದಾರಿಯ ಬದಿಯಲ್ಲಿ ಗಾಡಿಗಳಿಗೆ ಟೇಪು ಕೂರಿಸುವ ಒಂದು ಸಣ್ಣ ಅಂಗಡಿಯಲ್ಲಿ ಕೇಳಿದ ಸಂಭಾಷಣೆಯು ಇಡೀ ವಿಷಯದ ಮರ್ಮವನ್ನೇ ಹಿಡಿದಿದೆಯಾದ್ದರಿಂದ ಅದನ್ನಿಲ್ಲಿ ಬರೆಯುತ್ತೇನೆ. ಮೀಸೆ ಚಿಗುರುತ್ತಿದ್ದ ತರುಣ ಡ್ರೈವರನೊಬ್ಬ ಬಂದು, “ಮಿಸ್ತ್ರಿ ಕಾಕಾ, ಐದನೂರ ವಾಟಿಂದ ಹಾಕ್ರಿ. ಗಾಡಿ ಬಂದ್ರ ಮಂದಿ ತಿರಗಿ ನೋಡಬೇಕ್ರಿ” ಎಂದನು. ಬೆಸುಗೆಯ ಕಡ್ಡಿಯನ್ನು ಕೆಳಗಿಡದೆಯೇ ಆ ವೃದ್ಧ ಮಿಸ್ತ್ರಿಯು, “ಮಂದಿ ನೋಡೂದ ಬ್ಯಾರೆ, ನಿನಗ ಕೇಳೂದ ಬ್ಯಾರೆ, ತಮ್ಮಾ. ಎರಡರಾಗ ಯಾವದ ಬೇಕು, ಮೊದಲ ಅದನ್ನ ಹೇಳು” ಎಂದನು. ತರುಣನು ಉತ್ತರ ಕೊಡದೆ ಸ್ವಲ್ಪ ಹೊತ್ತು ನಿಂತು, ಆಮೇಲೆ, “ರಾತ್ರಿ ಒಬ್ಬಾವ ಹೊಡ್ಯಾಗ ಪದದ ಮಾತ ತಿಳದರ ಸಾಕ್ರಿ” ಎಂದನು.

ಪದದ ಮಾತು ತಿಳಿಯುವುದು! ಈ ಸೀಮೆಯ ಶ್ರವಣಸಂಸ್ಕಾರವೆಲ್ಲವೂ ಆ ಒಂದು ಅಪೇಕ್ಷೆಯಲ್ಲಿ ಅಡಗಿದೆ. ಕಾಗವಾಡದಿಂದ ಗಡಿ ದಾಟಿದೊಡನೆಯೇ ದೊರೆಯುವ ಮಿರಜೆಯು ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲಸಿದ ಊರು. 1937ರಲ್ಲಿ ದೇಹವಿಟ್ಟ ಅವರ ಸಮಾಧಿಯೂ ಅಲ್ಲಿಯ ಮೀರಾಸಾಹೇಬರ ದರ್ಗೆಯ ಆವರಣದಲ್ಲಿದೆ. ಮೈಕು ಇಲ್ಲದ ಕಾಲದಲ್ಲಿ ಊರ ಬಯಲಿನಲ್ಲಿ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ಸತ್ಯಭಾಮೆಯ ಮಾತು ಸ್ಪಷ್ಟವಾಗಿ ಮುಟ್ಟುವಂತೆ ಬೆಳಗಿನವರೆಗೂ ಹಾಡಿ ಆಡುತ್ತಿದ್ದ ಶ್ರೀಕೃಷ್ಣಪಾರಿಜಾತವೆಂಬ ಆಟದ ಮೇಳಗಳು ಈ ಸೀಮೆಯ ಹೆಮ್ಮೆ. ಅದರ ಕರ್ತೃಗಳಲ್ಲಿ ಒಬ್ಬನಾದ ಕುಲಗೋಡ ತಮ್ಮಣ್ಣನ ಕುಲಗೋಡವೂ, ಅದನ್ನು ತನ್ನ ಕಂಠದಿಂದ ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಈ ತಾಲೂಕುಗಳಿಗೆ ದೂರದವಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ, ರೇಡಿಯೋ ಉಳ್ಳವರ ಕಟ್ಟೆಯ ಮೇಲೆ ಊರೇ ಕುಳಿತು ಕೇಳಿದ ತಲೆಮಾರು ಬಂದಿತು. ಅಂತಹ ಕಿವಿಗಳ ವಂಶಸ್ಥನಾದ ಡ್ರೈವರನು ಮಾತಿಗಾಗಿ ಹಂಬಲಿಸುವುದು ಸಹಜವೇ ಆಗಿದೆ. ಐದುನೂರು ವಾಟಿನ ಮೋಹವು ಅವನ ಮೇಲೆ ಪೇಟೆಯು ಹೊರಿಸಿದ ಹೊರೆ.

ಆ ಸಂಖ್ಯೆಯ ಸತ್ಯಾಸತ್ಯವನ್ನು ಪರೀಕ್ಷಿಸುವುದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ. ಗಾಡಿಯ ಟೇಪಿನೊಳಗಿನ ವರ್ಧಕವು ತನಗೆ ಬರುವ ವಿದ್ಯುತ್ತಿನ ಒತ್ತಡಕ್ಕಿಂತ ಹೆಚ್ಚಿನದನ್ನು ಸ್ಪೀಕರಿಗೆ ಕೊಡಲಾರದು. ಸ್ಪೀಕರಿನ ತಡೆಯು ಸಾಮಾನ್ಯವಾಗಿ 4 ಓಮ್. 12 ವೋಲ್ಟನ್ನು 12ರಿಂದಲೇ ಗುಣಿಸಿ, ಬಂದ 144ನ್ನು ತಡೆಯ ಇಮ್ಮಡಿಯಾದ 8ರಿಂದ ಭಾಗಿಸಿದರೆ ದೊರೆಯುವುದು 18 ವಾಟ್. ಇಂಜಿನ್ನು ಓಡುತ್ತಿದ್ದು ಒತ್ತಡವು 14.4 ವೋಲ್ಟಿಗೆ ಏರಿದ್ದರೂ ಅದು ಸುಮಾರು 26 ವಾಟಿಗೆ ಮುಗಿಯಿತು. ಇದು ಕಿಂಚಿತ್ತೂ ನಷ್ಟವಿಲ್ಲವೆಂದು ಭಾವಿಸಿ ಹೇಳಿದ ಗರಿಷ್ಠ; ವಾಸ್ತವದಲ್ಲಿ ಇನ್ನೂ ಕಡಿಮೆಯೇ. ಹಾಗಾದರೆ ಟೇಪಿನ ಮುಖದ ಮೇಲೆ ಒಂದೊಂದು ಸ್ಪೀಕರಿಗೆ 50 ವಾಟ್ ಎಂದು ಮಿರುಗುವ ಅಕ್ಷರಗಳಲ್ಲಿ ಬರೆದಿರುವುದು ಕ್ಷಣಾರ್ಧದ ಒಂದು ಶಿಖರವನ್ನು ಹಿಡಿದು ಹೇಳಿದ ಮಾತು. ಅಂತಹ ಟೇಪಿಗೆ ಐದುನೂರು ವಾಟಿನ ಸ್ಪೀಕರನ್ನು ಜೋಡಿಸಿದರೆ ಹೊರಡುವ ನಾದವು ಐದುನೂರು ವಾಟಿನದಾಗಲಾರದು. ಆ ಭಾರವಾದ ಕೋನನ್ನು ಅಲುಗಿಸುವುದಕ್ಕೇ ಟೇಪು ಏದುಸಿರು ಬಿಡಬೇಕಾಗುತ್ತದೆ.

ಕೊಳ್ಳುವವನು ನೋಡತಕ್ಕ ಸಂಖ್ಯೆ ಬೇರೊಂದುಂಟು. ಒಂದು ವಾಟ್ ಶಕ್ತಿಯನ್ನು ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತು ಅಳೆದರೆ ಸ್ಪೀಕರು ಎಷ್ಟು ಡೆಸಿಬೆಲ್ ನಾದವನ್ನು ಹೊರಡಿಸುತ್ತದೆಂಬುದನ್ನು ಒಳ್ಳೆಯ ತಯಾರಕರು ಡಬ್ಬಿಯ ಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಅಚ್ಚುಮಾಡಿರುತ್ತಾರೆ; ಅದನ್ನು ಸಂವೇದನಶೀಲತೆ ಎನ್ನೋಣ. 87 ಡೆಸಿಬೆಲ್ಲಿನ ಸ್ಪೀಕರಿಗೂ 90 ಡೆಸಿಬೆಲ್ಲಿನ ಸ್ಪೀಕರಿಗೂ ಅಂಕಿಯಲ್ಲಿ ಕಾಣುವ ಅಂತರವು ಅಲ್ಪ; ಆದರೆ ಪ್ರತಿ 3 ಡೆಸಿಬೆಲ್ಲಿಗೂ ಶಕ್ತಿಯು ಇಮ್ಮಡಿಯಾಗಬೇಕಾದ್ದರಿಂದ, ಎರಡನೆಯದು 10 ವಾಟಿನಲ್ಲಿ ಮಾಡುವ ಕೆಲಸಕ್ಕೆ ಮೊದಲನೆಯದಕ್ಕೆ 20 ವಾಟ್ ಬೇಕು. ಇನ್ನು ಲೆಕ್ಕವನ್ನು ಕ್ಯಾಬಿನ್ನಿಗೆ ತನ್ನಿರಿ. ಡ್ರೈವರನ ಕಿವಿಗೂ ಬಾಗಿಲಿನ ಸ್ಪೀಕರಿಗೂ ನಡುವಿನ ದೂರ ಹೆಚ್ಚೆಂದರೆ ಒಂದು ಮೀಟರ್. ಅಂದಮೇಲೆ 90 ಡೆಸಿಬೆಲ್ಲಿನ ಸಾಧಾರಣ ಸ್ಪೀಕರು ಒಂದೇ ಒಂದು ವಾಟಿನಲ್ಲಿ ಅವನ ಕಿವಿಗೆ 90 ಡೆಸಿಬೆಲ್ ನಾದವನ್ನು ತಲುಪಿಸುತ್ತದೆ. 16 ವಾಟಿಗೆ ಏರಿಸಿದರೆ ಅದು 102 ಆಗುತ್ತದೆ. ದಿನಕ್ಕೆ 8 ತಾಸು ಕೇಳುವವನಿಗೆ 85 ಡೆಸಿಬೆಲ್ಲೇ ಸುರಕ್ಷತೆಯ ಮೇರೆಯೆಂದೂ, ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿಯು ಅರ್ಧಕ್ಕಿಳಿಯುತ್ತ 100 ಡೆಸಿಬೆಲ್ಲಿನಲ್ಲಿ ಕೇವಲ 15 ನಿಮಿಷವಾಗುತ್ತದೆಂದೂ ಶ್ರವಣರಕ್ಷಣೆಯ ತಜ್ಞರು ಗಣಿಸಿದ್ದಾರೆ. ಆದುದರಿಂದ ಡ್ರೈವರನಿಗೆ ಬೇಕಾದ ಎಲ್ಲ ನಾದವೂ ಒಂದೆರಡು ವಾಟಿನೊಳಗೇ ಇದೆ. ಬಡವನಿಗೆ ಇದಕ್ಕಿಂತ ಶುಭವಾರ್ತೆ ಇನ್ನೇನು ಬೇಕು?

ಹಾಗಾದರೆ ಕಂಪನಿಯಿಂದ ಬಂದ ಸ್ಪೀಕರು ಏಕೆ ಕೆಟ್ಟದಾಗಿ ನುಡಿಯುತ್ತದೆ? ಇದಕ್ಕೆ ಉತ್ತರವು ಸ್ಪೀಕರಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಕುಳಿತ ಸ್ಥಳದಲ್ಲಿದೆ. 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಅಮೆರಿಕದ ಇಂಜಿನಿಯರರು ಇಂದಿನ ರೂಪದ ಸ್ಪೀಕರನ್ನು ಲೋಕಕ್ಕೆ ತೋರಿಸಿದಾಗಲೇ ಈ ಸಮಸ್ಯೆಯನ್ನೂ ಗುರುತಿಸಿದ್ದರು. ಕೋನು ಮುಂದಕ್ಕೆ ಸರಿದಾಗ ಮುಂದಿನ ಗಾಳಿಯು ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿಯು ಸಡಿಲುತ್ತದೆ. ಈ ಎರಡು ಪರಸ್ಪರ ವಿರುದ್ಧವಾದ ತರಂಗಗಳು ಅಂಚಿನ ಸುತ್ತ ಸುಳಿದು ಒಂದನ್ನೊಂದು ಸೇರಿದರೆ ಎರಡೂ ನಾಶವಾಗುತ್ತವೆ. 100 ಹರ್ಟ್ಸಿನ ಮಂದ್ರಸ್ವರದ ತರಂಗವು 3 ಮೀಟರಿಗೂ ಉದ್ದವಾದ್ದರಿಂದ ಅಂಗೈಯಗಲದ ಸ್ಪೀಕರಿನ ಅಂಚನ್ನು ಬಳಸಿ ಬರುವುದು ಅದಕ್ಕೆ ಏನೂ ಕಷ್ಟವಲ್ಲ. ಲಾರಿಯ ಬಾಗಿಲಿನ ತಗಡಿಗೂ ಸ್ಪೀಕರಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಎರಡು ಸ್ಕ್ರೂ ಬಿಗಿದು ಕೈತೊಳೆದುಕೊಂಡಲ್ಲಿ, ಡೊಳ್ಳಿನ ಗಂಭೀರಧ್ವನಿಯು ಆ ಸಂದಿನಲ್ಲೇ ಸತ್ತುಹೋಗಿ, ತಗಡಿನ ಗಡಗಡ ಮಾತ್ರ ಕಿವಿಗೆ ಉಳಿಯುತ್ತದೆ. ಮಾಲೀಕನು ಸ್ಪೀಕರೇ ಸರಿಯಿಲ್ಲವೆಂದು ಬಗೆದು ಇನ್ನೂ ದೊಡ್ಡದನ್ನು ತಂದು ಅದೇ ಸಂದಿನ ಮೇಲೆ ಕೂರಿಸುತ್ತಾನೆ.

ಇಲ್ಲಿ ಮಿರಜೆಯ ತಂಬೂರಿಯನ್ನು ನೆನೆಯುವುದು ಉಚಿತ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳನ್ನು ಮಾಡುತ್ತಿದ್ದ ಶಿಕಲಗಾರರ ಮನೆತನಗಳು ಕತ್ತಿಯ ಕಾಲ ಮುಗಿದ ಮೇಲೆ ವಾದ್ಯಗಳತ್ತ ತಿರುಗಿ ಮಿರಜೆಗೆ ಕೀರ್ತಿ ತಂದವು. 2024ರಲ್ಲಿ ಅಲ್ಲಿಯ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಕುಶಲಕರ್ಮಿಯು ಒಣಗಿದ ಕುಂಬಳದ ಬುರುಡೆಯನ್ನು ಆರಿಸುವಾಗ ಅದು ತಂತಿಯೊಡನೆ ತಾನೂ ನುಡಿಯಬೇಕೆಂದು ಬಯಸುತ್ತಾನೆ. ತಂತಿಯ ಸ್ವರಕ್ಕೆ ಬುರುಡೆಯ ಸ್ವರವು ಬೆರೆತೇ ತಂಬೂರಿಯ ಝೇಂಕಾರವು ಹುಟ್ಟುತ್ತದೆ. ಸ್ಪೀಕರಿನ ಗೂಡಾದರೋ ಅದಕ್ಕೆ ನೇರ ವಿರುದ್ಧವಾದ ಧರ್ಮವುಳ್ಳದ್ದು. ತಂಬೂರಿಯ ಬುರುಡೆ ಮಾತಾಡಬೇಕು, ಸ್ಪೀಕರಿನ ಗೂಡು ಮೌನವಾಗಿರಬೇಕು. ಗಾಯಕನ ಸ್ವರವು ಧ್ವನಿಮುದ್ರಣದಲ್ಲಿ ಆಗಲೇ ಪೂರ್ಣವಾಗಿ ಇದೆ. ಅದಕ್ಕೆ ಬಾಗಿಲಿನ ತಗಡು ತನ್ನ ಸ್ವರವನ್ನು ಸೇರಿಸಬಾರದು. ಬಡಿದರೆ ಟಣ್ಣೆನ್ನುವ ತಗಡು ಸ್ಪೀಕರಿಗೆ ಶತ್ರು. ಬಡಿದರೆ ಮಂದವಾಗಿ ದಪ್ಪೆನ್ನುವ ಹಲಗೆ ಅದಕ್ಕೆ ಮಿತ್ರ.

ಈ ತತ್ತ್ವವನ್ನು ಕೆಲಸಕ್ಕೆ ಇಳಿಸುವುದು ಅತ್ಯಂತ ಅಗ್ಗ. ಯಾವ ಬಡಗಿಯ ಅಂಗಳದಲ್ಲಾದರೂ ಬಿದ್ದಿರುವ 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನ ತುಂಡಿನಿಂದ ಸ್ಪೀಕರಿನ ಸುತ್ತಳತೆಗೆ ಒಂದು ಬಳೆಯನ್ನು ಕೊರೆಸಿ, ಕಬ್ಬಿನ ರವದಿಯ, ಅಂದರೆ ಒಣಗರಿಯ, ಧೂಳಿಗೂ ಮಳೆಯ ತೇವಕ್ಕೂ ಅದು ಹಾಳಾಗದಂತೆ ಎರಡು ಸಲ ಬಣ್ಣ ಬಳಿದು, ಬಾಗಿಲಿನ ತಗಡಿಗೂ ಬಳೆಗೂ ನಡುವೆ, ಬಳೆಗೂ ಸ್ಪೀಕರಿಗೂ ನಡುವೆ ಫೋಮಿನ ಪಟ್ಟಿಯನ್ನು ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ಬಾಗಿಲಿನ ಒಳಗಡೆ ಕೈಗೆಟಕುವ ತಗಡಿಗೆ ಡಾಂಬರಿನ ಹಾಳೆಯನ್ನು ಅಂಟಿಸಿದರೆ ಅದರ ಕಂಪನವು ಅಡಗುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ರಂಧ್ರಗಳನ್ನು ಮಾತ್ರ ಮುಚ್ಚಲಾಗದು, ಮುಚ್ಚಿದರೆ ಬಾಗಿಲೇ ತುಕ್ಕು ಹಿಡಿದು ಉದುರುವುದು. ಕೊರೆಯುವುದಕ್ಕೆ ಮೊದಲು ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ ನೋಡತಕ್ಕದ್ದು. ಅಯಸ್ಕಾಂತದ ಬೆನ್ನಿಗೆ ಗಾಜು ತಾಗುವಂತಿದ್ದರೆ ಹಲಗೆಯ ಬಳೆಯನ್ನು ಇಮ್ಮಡಿ ದಪ್ಪ ಮಾಡಿ ಸ್ಪೀಕರನ್ನು ಒಳಗಡೆಗೆ ಎತ್ತಬೇಕು. ಬಾಗಿಲಿನ ಸ್ಪೀಕರು ಮೊಣಕಾಲಿನ ಮಟ್ಟದಲ್ಲಿರುವುದರಿಂದ ತಾರಸ್ವರಗಳು ಕಾಲಿಗೆ ಬಡಿದು ನಿಲ್ಲುತ್ತವೆ. ಬಳೆಯ ಕೆಳಭಾಗವನ್ನು ದಪ್ಪವಾಗಿಯೂ ಮೇಲ್ಭಾಗವನ್ನು ತೆಳ್ಳಗಾಗಿಯೂ ಕೊರೆಸಿ ಸ್ಪೀಕರಿನ ಮುಖವನ್ನು ಕಿವಿಯ ಕಡೆಗೆ ತುಸು ಎತ್ತಿದರೆ, ಅಷ್ಟರಿಂದಲೇ ಹಾಡಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಅನೇಕರು ಸ್ಪೀಕರುಗಳನ್ನು ಮಲಗುವ ಬರ್ತಿನ ಹಿಂದೆ ಸಾಲಾಗಿ ಜೋಡಿಸುವುದುಂಟು. ನೋಟಕ್ಕೆ ಅದು ಭರ್ಜರಿಯಾದರೂ ನಾದವೆಲ್ಲ ತಲೆಯ ಹಿಂದಿನಿಂದ ಬರುವುದು ನನಗೆ ರುಚಿಸದು. ಗಾಯಕನು ಎದುರಿಗೆ ಕುಳಿತು ಹಾಡಬೇಕು.

ಜೋಡಣೆಯಲ್ಲಿ ತಪ್ಪದೆ ನೋಡಬೇಕಾದ ಇನ್ನೊಂದು ಅಂಶವಿದೆ. ಅದನ್ನು ಆ ವೃದ್ಧ ಮಿಸ್ತ್ರಿಯ ಕೈಯಲ್ಲಿ ಕಂಡು ನನಗೆ ಸಂತೋಷವಾಯಿತು. ಸ್ಪೀಕರಿನ ಎರಡು ಕಡ್ಡಿಗಳಲ್ಲಿ ಯಾವುದು ಧನ, ಯಾವುದು ಋಣವೆಂಬ ಗುರುತು ಅಳಿಸಿಹೋಗಿತ್ತು. ಅವನು ಗೋಡೆಯ ಗಡಿಯಾರದಿಂದ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಬಿಡಿಸಿ ತೆಗೆದು, ಎರಡು ತುಂಡು ವಾಯರಿನಿಂದ ಸ್ಪೀಕರಿನ ಕಡ್ಡಿಗಳಿಗೆ ಕ್ಷಣಕಾಲ ಮುಟ್ಟಿಸಿ, ಬೆರಳ ತುದಿಯನ್ನು ಕೋನಿನ ಮೇಲೆ ಹಗುರವಾಗಿ ಇರಿಸಿದ್ದನು. ‘ಟಕ್’ ಎಂದು ಕೋನು ಹೊರಕ್ಕೆ ನೆಗೆಯಿತು. ಸೆಲ್ಲಿನ ಧನಕ್ಕೆ ತಾಗಿದ್ದ ಕಡ್ಡಿಗೆ ಕೆಂಪು ಬಣ್ಣದ ಒಂದು ಚುಕ್ಕೆಯನ್ನಿಟ್ಟು, ಸೆಲ್ಲನ್ನು ಮರಳಿ ಗಡಿಯಾರಕ್ಕೆ ಹಾಕಿ, ಮುಳ್ಳನ್ನು ಸರಿಪಡಿಸಿದನು. ಎಡಗಡೆಯ ಸ್ಪೀಕರು ಹೊರಕ್ಕೆ ನೆಗೆಯುವಾಗ ಬಲಗಡೆಯದು ಒಳಕ್ಕೆ ಸೆಳೆದುಕೊಂಡರೆ ಮಂದ್ರಸ್ವರಗಳು ಕ್ಯಾಬಿನ್ನಿನ ನಡುವೆ ಪರಸ್ಪರ ಕಳೆದುಹೋಗುತ್ತವೆ. ಸಾವಿರಾರು ರೂಪಾಯಿಯ ಸ್ಪೀಕರುಗಳು ಎಷ್ಟೋ ಗಾಡಿಗಳಲ್ಲಿ ನಿಸ್ಸತ್ತ್ವವಾಗಿ ನುಡಿಯುತ್ತಿರುವುದಕ್ಕೆ ಈ ಎರಡು ವಾಯರುಗಳ ಅದಲುಬದಲೇ ಕಾರಣ. ತಿದ್ದುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಈಗ ವಿದ್ಯುತ್ತಿನ ಮೂಲಕ್ಕೆ ಬರೋಣ. ಲಾರಿಯ ಮಾಲೀಕನು ಹೆಚ್ಚಿನ ಹಾನಿಯನ್ನು ಅನುಭವಿಸುವುದು ಇಲ್ಲಿಯೇ. ಸಣ್ಣ ಪಿಕಪ್ಪುಗಳೂ ಟ್ರ್ಯಾಕ್ಟರುಗಳೂ 12 ವೋಲ್ಟಿನವು. ದೊಡ್ಡ ಲಾರಿಗಳಾದರೋ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟಿನಲ್ಲಿ ನಡೆಯುತ್ತವೆ. ಟೇಪಿಗೆ ಬೇಕಾದುದು 12. ಆದ್ದರಿಂದ ಉಳಿತಾಯದ ಬುದ್ಧಿಯವರು ಎರಡರಲ್ಲಿ ಒಂದೇ ಬ್ಯಾಟರಿಯಿಂದ ನೇರವಾಗಿ ವಾಯರನ್ನು ಎಳೆದು ಟೇಪಿಗೆ ಕೊಟ್ಟುಬಿಡುತ್ತಾರೆ. ಹಾಡು ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಆಲ್ಟರ್ನೇಟರು ಎರಡು ಬ್ಯಾಟರಿಗಳಿಗೂ ಒಂದೇ ಪ್ರವಾಹವನ್ನು ಹರಿಸುವುದರಿಂದ, ಟೇಪಿಗೆ ದುಡಿಯುವ ಬ್ಯಾಟರಿಯು ಎಂದೆಂದಿಗೂ ಅರೆಹೊಟ್ಟೆಯಲ್ಲಿ ಉಳಿದು, ಇನ್ನೊಂದು ಮಿತಿಮೀರಿ ತುಂಬಿ ಅದರ ನೀರು ಕುದಿದು ಆವಿಯಾಗುತ್ತದೆ. ಯಾರ್ಡಿನಲ್ಲಿ ಇಂಜಿನ್ನು ನಿಲ್ಲಿಸಿ ರಾತ್ರಿಯೆಲ್ಲ ಹಾಡು ಕೇಳುವ ಗಾಡಿಯಲ್ಲಂತೂ ಈ ವೈಷಮ್ಯವು ಬಲುಬೇಗ ಬೆಳೆಯುತ್ತದೆ. ಹಂಗಾಮು ಮುಗಿಯುವುದರೊಳಗೆ ಎರಡು ಬ್ಯಾಟರಿಗಳೂ ಕೈಕೊಟ್ಟು, ಬೆಳಗಿನ ಚಳಿಯಲ್ಲಿ ಲೋಡು ತುಂಬಿದ ಗಾಡಿಯು ಸೆಲ್ಫ್ ಹೊಡೆಯದೆ ನಿಂತಾಗ, ಉಳಿಸಿದ ಕೆಲವು ನೂರು ರೂಪಾಯಿಗೆ ಹತ್ತಾರು ಪಟ್ಟು ದಂಡ ತೆರಬೇಕಾಗುತ್ತದೆ. 24ನ್ನು 12ಕ್ಕೆ ಇಳಿಸುವ, ಎರಡು ಬ್ಯಾಟರಿಗಳಿಂದಲೂ ಸಮವಾಗಿ ತೆಗೆದುಕೊಳ್ಳುವ 10 ಆಂಪಿಯರಿನ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಇದಕ್ಕೆಂದೇ ಪೇಟೆಯಲ್ಲಿ ದೊರೆಯುತ್ತದೆ. ಹಣವಿರುವುದು ಒಂದೇ ವಸ್ತುವಿಗೆ ಸಾಕಾಗುವಷ್ಟು ಎಂದಾದರೆ, ಸ್ಪೀಕರನ್ನು ಬಿಟ್ಟು ಕನ್ವರ್ಟರನ್ನೇ ಮೊದಲು ಕೊಳ್ಳಿರೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಅದರ ಜೊತೆಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಜ್ ಇರಬೇಕು. ಒಣ ರವದಿಯನ್ನು ಹೇರುವ ಗಾಡಿಯಲ್ಲಿ ತಿಕ್ಕಿ ಹೋದ ಒಂದು ವಾಯರಿನ ಕಿಡಿಯು ಏನು ಮಾಡಬಲ್ಲದೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ತಾಮ್ರದ ಲೇಪವಷ್ಟೇ ಇರುವ ಅಲ್ಯುಮಿನಿಯಮ್ ವಾಯರನ್ನು ತಾಮ್ರದ್ದೆಂದು ಕೊಡುವುದುಂಟು. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳುಪು ಕಾಣಿಸುತ್ತದೆ. ಸ್ಪೀಕರಿನ ಋಣದ ವಾಯರನ್ನು ಬಾಡಿಯ ತಗಡಿಗೆ ಬಿಗಿಯುವ ಹಳೆಯ ಅಭ್ಯಾಸವು ಈಗಿನ ಟೇಪುಗಳಿಗೆ ಮಾರಕ. ಎರಡು ವಾಯರುಗಳೂ ಟೇಪಿನವರೆಗೆ ಪ್ರತ್ಯೇಕವಾಗಿ ಹೋಗತಕ್ಕದ್ದು, ಇಲ್ಲವಾದರೆ ಒಳಗಿನ ಐ.ಸಿ. ಸುಟ್ಟು ಕರಕಾಗುವುದು.

ಇಷ್ಟಾದ ಬಳಿಕ ಸ್ಪೀಕರಿನ ಆಯ್ಕೆ ಸರಳವಾಗಿಬಿಡುತ್ತದೆ. ಆರೂವರೆ ಇಂಚಿನ, ನಡುವಿನಲ್ಲಿಯೇ ಟ್ವೀಟರ್ ಕುಳಿತ, 90 ಡೆಸಿಬೆಲ್ಲಿನ ಆಚೀಚಿನ, ಹೆಸರುವಾಸಿಯಾದ ತಯಾರಕರ ಒಂದು ಜೋಡಿಯು ಎರಡರಿಂದ ಮೂರು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತದೆ. ಕಾಗದದ ಕೋನು ಇಂಪಾಗಿ ನುಡಿಯುವುದು ನಿಜವಾದರೂ, ಕೃಷ್ಣೆಯ ದಡದ ಆಷಾಢಶ್ರಾವಣಗಳ ತೇವದಲ್ಲಿ ಲಾರಿಯ ಬಾಗಿಲಿನೊಳಗೆ ಅದು ಬಾಳುವುದು ಕಷ್ಟ. ಪಾಲಿಪ್ರೊಪಿಲೀನ್ ಕೋನಿಗೆ ರಬ್ಬರಿನ ಅಂಚುಳ್ಳದ್ದು ಈ ಕೆಲಸಕ್ಕೆ ತಕ್ಕುದು. ಫೋಮಿನ ಅಂಚು ಕೆಲವೇ ವರ್ಷಗಳಲ್ಲಿ ಬಿಸಿಲಿಗೂ ತೇವಕ್ಕೂ ಪುಡಿಪುಡಿಯಾಗುತ್ತದೆ. ಒಟ್ಟು ಆರು ಸಾವಿರ ರೂಪಾಯಿಯುಳ್ಳವನಿಗೆ ನನ್ನ ಹಂಚಿಕೆ ಇಂತಿದೆ: ಸ್ಪೀಕರಿಗೆ 3,000, ಕನ್ವರ್ಟರಿಗೆ 1,200, ವಾಯರು, ಫ್ಯೂಜುಗಳಿಗೆ 600, ಹಲಗೆ, ಫೋಮು, ಬೋಲ್ಟುಗಳಿಗೆ 400, ಮಿಸ್ತ್ರಿಯ ಕೂಲಿಗೆ 800. ಬಫರೆಂದೂ ಸಬ್‌ವೂಫರೆಂದೂ ಕರೆಯುವ ದೊಡ್ಡ ಡಬ್ಬಿಗೆ ಇದರಲ್ಲಿ ಸ್ಥಾನವಿಲ್ಲದಿರುವುದಕ್ಕೆ ಕಾರಣವಿದೆ. ಆರು ಸಿಲಿಂಡರಿನ ಡೀಸೆಲ್ ಇಂಜಿನ್ನು ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರ ಸ್ಫೋಟಗಳ ಆವರ್ತನವು ಸೆಕೆಂಡಿಗೆ 75. ನಾಲ್ಕು ಸಿಲಿಂಡರಿನದಾದರೆ 50. ಸಬ್‌ವೂಫರು ನುಡಿಯಬೇಕಾದ ಸ್ವರಪ್ರದೇಶವನ್ನು ಇಂಜಿನ್ನು ಆಗಲೇ ಆಕ್ರಮಿಸಿಕೊಂಡಿದೆ; ಅದರೊಡನೆ ಸ್ಪರ್ಧೆಗಿಳಿದು ಗೆಲ್ಲುವುದಕ್ಕೆ ಬೇಕಾಗುವ ಶಕ್ತಿಯು ಆರು ಸಾವಿರದವನದಲ್ಲ. ಮನುಷ್ಯಕಂಠದ ಅರ್ಥವೆಲ್ಲವೂ ಅದಕ್ಕಿಂತ ಬಹಳ ಮೇಲಿನ ಸ್ವರಗಳಲ್ಲಿದೆ, ಅಲ್ಲಿ ಇಂಜಿನ್ನಿನ ಹಾವಳಿ ಕಡಿಮೆ. ಟೇಪಿನ ಸೆಟ್ಟಿಂಗಿನಲ್ಲಿ ಎಚ್‌ಪಿಎಫ್ ಎಂಬುದಿದ್ದರೆ ಅದನ್ನು 80 ಅಥವಾ 100 ಹರ್ಟ್ಸಿಗೆ ಇಟ್ಟು, ತಾನು ನುಡಿಯಲಾರದ ಮಂದ್ರಸ್ವರದ ಭಾರದಿಂದ ಚಿಕ್ಕ ಕೋನನ್ನು ಬಿಡುಗಡೆ ಮಾಡಿದರೆ, ಹಾರ್ಮೋನಿಯಮ್ಮೂ ಏಕತಾರಿಯೂ ಗಾಯಕನ ಉಸಿರೂ ಬೇರೆಬೇರೆಯಾಗಿ ತೋರುತ್ತವೆ.

ಹಳೆಯ ಸ್ಪೀಕರನ್ನೂ ಅವಸರದಿಂದ ಗುಜರಿಗೆ ಹಾಕಬೇಡಿರಿ. ಕೋನು ಹರಿದಿದ್ದು ಅಯಸ್ಕಾಂತವೂ ಚೌಕಟ್ಟೂ ಗಟ್ಟಿಯಾಗಿದ್ದರೆ, ಹೊಸ ಕೋನನ್ನೂ ಕಾಯಿಲನ್ನೂ ಕೂರಿಸಿ ಕೊಡುವ ಕುಶಲರು ಕೊಲ್ಹಾಪುರ, ಮಿರಜೆಗಳ ಓಣಿಗಳಲ್ಲಿಯೂ ನಮ್ಮ ಪೇಟೆಗಳಲ್ಲಿಯೂ ಇದ್ದಾರೆ. ಚಿಂಚಲಿಯ ಮಾಯಕ್ಕನ ಜಾತ್ರೆ, ಕೊಕಟನೂರಿನ ಯಲ್ಲಮ್ಮನ ಜಾತ್ರೆಗಳಿಗೆ ಧ್ವನಿವರ್ಧಕ ಕಟ್ಟುವವರ ಸಾಮಾನುಗಳನ್ನು ವರ್ಷವರ್ಷವೂ ಬದುಕಿಸಿಕೊಡುವ ಕೈಗಳಿಗೆ ಲಾರಿಯ ಸ್ಪೀಕರು ಕಷ್ಟದ ಕೆಲಸವಲ್ಲ.

ಟ್ರ್ಯಾಕ್ಟರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅದಕ್ಕೆ ಬಾಗಿಲೂ ಇಲ್ಲ, ಕ್ಯಾಬಿನ್ನೂ ಇಲ್ಲ. ಆದುದರಿಂದ ಸ್ಪೀಕರುಗಳ ಗೋಪುರವನ್ನೇ ಮಡಗಾರ್ಡಿನ ಮೇಲೆ ಕಟ್ಟಿ, ಎರಡು ಟ್ರೇಲರು ಕಬ್ಬನ್ನು ಎಳೆಯುತ್ತ, ಹಿಂದಿನ ಗಾಡಿಯ ಹಾರ್ನು ಕೇಳಿಸದಂತಹ ಶಬ್ದದಲ್ಲಿ ಮುಳುಗಿ ಹೋಗುವ ಹುಡುಗರು ತಮ್ಮ ಜೀವವನ್ನೂ ದಾರಿಹೋಕರ ಜೀವವನ್ನೂ ಪಣಕ್ಕೊಡ್ಡುತ್ತಿದ್ದಾರೆಂಬುದನ್ನು ಕಠೋರವಾಗಿಯೇ ಹೇಳುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಟ್ಟಿವೆ; 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಮೇರೆಗೆ ಶಬ್ದದ ಮಿತಿ ಮೀರಿದ ವಾಹನಕ್ಕೆ ಮೊದಲ ಸಲವೇ 10,000 ರೂಪಾಯಿಯವರೆಗೆ ದಂಡ ಬೀಳಬಹುದು, ಲೈಸನ್ಸೂ ಮೂರು ತಿಂಗಳು ಅಮಾನತಿನಲ್ಲಿ ಉಳಿಯಬಹುದು. ದಂಡದ ಭಯಕ್ಕಿಂತ ಮಿಗಿಲಾದುದು ಕಿವಿಯ ಭಯ: ಇಪ್ಪತ್ತರ ವಯಸ್ಸಿನಲ್ಲಿ ಕಳೆದುಕೊಂಡ ಶ್ರವಣಶಕ್ತಿಯನ್ನು ಯಾವ ಹಂಗಾಮಿನ ಬಿಲ್ಲೂ ಮರಳಿ ತಂದುಕೊಡಲಾರದು. ಟ್ರ್ಯಾಕ್ಟರಿನವನು ನಿಂತಾಗ ಮಾತ್ರ, ತನಗಷ್ಟೇ ಕೇಳುವಂತೆ, ಒಂದು ಚಿಕ್ಕ ಡಬ್ಬಿಯಿಂದ ಹಾಡು ಕೇಳಲಿ. ಓಡುವಾಗ ಅವನ ಕಿವಿಗಳು ರಸ್ತೆಗೆ ಬೇಕು.

ಲಾರಿಗಾದರೋ ಮುಂದೆ ಒಳ್ಳೆಯ ದಿನಗಳಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕುವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವು ಕಡ್ಡಾಯವೆಂದು ಕೇಂದ್ರ ಸರಕಾರವು 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಗಾಜು ಏರಿಸಿ ಗಾಡಿ ಓಡಿಸುವ ಡ್ರೈವರನಿಗೆ ಹೊರಗಿನ ಗದ್ದಲವು ತಾನಾಗಿಯೇ ತಗ್ಗುವುದರಿಂದ ಅದೇ ಒಂದು ವಾಟಿನ ನಾದವು ಇನ್ನಷ್ಟು ನಿಚ್ಚಳವಾಗುವುದು. ಆದರೆ ಈಗ ರಸ್ತೆಯ ಮೇಲಿರುವ ಹಳೆಯ ಗಾಡಿಗಳು ಇನ್ನೂ ಎಷ್ಟೋ ಹಂಗಾಮುಗಳನ್ನು ಕಾಣಲಿವೆ. ಅವುಗಳಲ್ಲಿ ದುಡಿಯುವವರು ಕಾಯುತ್ತ ಕೂರಬೇಕಾಗಿಲ್ಲ. ಖಂಡೇನವಮಿಯ ಪೂಜೆಗೆ ಗಾಡಿಯನ್ನು ತೊಳೆದು ನಿಲ್ಲಿಸುವ ವಾರದಲ್ಲಿ, ಕಾರಖಾನೆ ಸುರುವಾಗುವುದಕ್ಕೆ ಮೊದಲು, ಮಿಸ್ತ್ರಿಗಳಿಗೂ ತುಸು ಬಿಡುವಿರುತ್ತದೆ. ಕೈಯಲ್ಲಿ ಆಗ ಮೂರೇ ಸಾವಿರವಿದ್ದರೆ ಕನ್ವರ್ಟರನ್ನೂ ಫ್ಯೂಜನ್ನೂ ಕೂರಿಸಿ, ಇರುವ ಸ್ಪೀಕರಿಗೇ ಹಲಗೆಯ ಬಳೆಯನ್ನು ಕೊರೆಸಿ, ಸೆಲ್ಲಿನಿಂದ ಧನಋಣಗಳನ್ನು ಪರೀಕ್ಷಿಸಿ ಬಿಗಿಯಿರಿ. ಹೊಸ ಸ್ಪೀಕರಿನ ಜೋಡಿಯನ್ನು ಮೊದಲ ಬಿಲ್ಲು ಕೈಸೇರಿದ ಮೇಲೆ ಅದೇ ಬಳೆಗೆ ಕೂರಿಸಬಹುದು. ಹಾಗೆ ಕೂರಿಸುವ ಮುನ್ನ ಹಳೆಯದನ್ನೇ ಒಂದೆರಡು ರಾತ್ರಿ ಕೇಳಿ ನೋಡಿರಿ, ಪದದ ಮಾತು ತಿಳಿಯುವಂತಾಗಿದ್ದರೆ ಹೊಸ ಜೋಡಿಯ ಮೂರು ಸಾವಿರವು ಮನೆಯ ಖರ್ಚಿಗೆ ಉಳಿಯಿತು.